ಸುಬ್ಬಿಯ ಬೆನ್ನೇರಬೇಕಾದ ಅಳಿಯ

ಮದುವೆ ಮೆರವಣಿಗೆಗೆ ಕುದುರೆ ಕಳಿಸುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಲಾಯದ ಬಾಗಿಲಿಗೆ ಬಂದು ನಿಲ್ಲುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟು ಗಂಡುಗಳನ್ನು ನಮ್ಮ ಬಿಳಿ ಕುದುರೆ ಸುಬ್ಬಿ ಹೊತ್ತಿದ್ದಾಳೋ ನನಗೇ ನೆನಪಿಲ್ಲ. ಒಬ್ಬ ಪೇಟ ಬೀಳಿಸಿಕೊಂಡಿದ್ದಾನೆ, ಇನ್ನೊಬ್ಬ ಗಾಬರಿಯಲ್ಲಿ ಬಾಲದ ಕಡೆ ಮುಖ ಮಾಡಿ ಕೂತಿದ್ದಾನೆ. ಅವರದೆಲ್ಲ ಒಂದು ತೂಕವಾದರೆ ನನ್ನ ಸ್ವಂತ ಅಳಿಯನದೇ ಒಂದು ತೂಕ.

ಹುಡುಗ ಶಿವನಿ ಕಡೆಯವನು, ರೈಲ್ವೆ ಕೆಲಸ. ಧಡಧಡ ಅಂತ ನುಗ್ಗಿ ಬರುವ ಎಕ್ಸ್‌ಪ್ರೆಸ್ ಗಾಡಿಯ ಪಕ್ಕದಲ್ಲೇ ಹಸಿರು ಬಾವುಟ ಹಿಡಿದು ನಿಲ್ಲುವ ಗಂಡಸು. ಅಂಥವನು ಸುಬ್ಬಿ ಒಂದು ಸಲ ಸೀನಿದರೆ ಬೇಲಿ ಹಾರುತ್ತಾನೆ. ನಿಶ್ಚಿತಾರ್ಥದ ದಿನವೇ ಹಾರಿ ತೋರಿಸಿದ. ಅದನ್ನು ನೋಡಿದ ನನ್ನ ಮಗಳು ಅಷ್ಟೂ ಜನರ ಎದುರಿಗೆ ಹೇಳಿಬಿಟ್ಟಳು:

"ಸೀಮೆಲಿರೋ ಗಂಡೆಲ್ಲ ನಮ್ ಸುಬ್ಬಿ ಮೇಲೆ ಬಂದವ್ರೆ. ಇವ್ರು ಮಾತ್ರ ಆಟೋದಲ್ಲಿ ಬಂದ್ರೆ ನಾನು ಹಸೆಮಣೆ ಹತ್ತಲ್ಲ."

ಅವಳು ಆಡಿದ ಮಾತನ್ನು ಹಿಂದಕ್ಕೆ ತಗೊಂಡದ್ದು ನಾನಂತೂ ಕಂಡಿಲ್ಲ. ಕಲ್ಯಾಣ ಮಂಟಪ ಗೊತ್ತುಮಾಡಿಯಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು. ಮದುವೆಯ ದಿನದೊಳಗೆ ಈ ಹುಡುಗನನ್ನು ಕುದುರೆ ಹತ್ತಿಸದಿದ್ದರೆ ನಮ್ಮ ಮನೆಯ ಮದುವೆಯೇ ಇಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಕಾಣದ ಜಾಗ

ಪ್ರತಿ ಭಾನುವಾರ ಹುಡುಗ ಪ್ಯಾಸೆಂಜರ್ ಗಾಡಿ ಹಿಡಿದು ನಮ್ಮೂರು ಬೀರೂರಿಗೆ ಬರುವುದು, ಲಾಯದ ಮುಂದೆ ಕುರ್ಚಿ ಹಾಕಿಕೊಂಡು ನನ್ನಿಂದ ಪಾಠ ಕೇಳುವುದು ಅಂತ ತೀರ್ಮಾನವಾಯಿತು. ಯಾವ ಪ್ರಾಣಿಯನ್ನಾದರೂ ತಿಳಿದುಕೊಂಡರೆ ಹೆದರಿಕೆ ಹೋಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಪಾಠದ ಸುದ್ದಿ ಕೇರಿಗೆಲ್ಲ ಹಬ್ಬಿ, ಅಕ್ಕಪಕ್ಕದ ಮಕ್ಕಳೂ ಬಂದು ಕಾಂಪೌಂಡ್ ಮೇಲೆ ಸಾಲಾಗಿ ಕೂತವು.

ಮೊದಲನೇ ದಿನ ಕಣ್ಣಿನ ವಿಚಾರ ಹೇಳಿದೆ. "ನೋಡಿ ಅಳಿಯಂದ್ರೇ, ಕುದುರೆ ಕಣ್ಣು ತಲೆಯ ಎರಡು ಪಕ್ಕಕ್ಕಿರ್ತವೆ. ಹಂಗಾಗಿ ನಿಂತ್ಕಡೆಯಿಂದ್ಲೇ ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತೆ. ಕಾಣ್ದಿರೋದು ಎರಡೇ ಜಾಗ. ಒಂದು ಹಣೆಯ ನೇರ ಮುಂದೆ, ಇನ್ನೊಂದು ಬಾಲದ ನೇರ ಹಿಂದೆ."

ಹುಡುಗನ ಮುಖ ಅರಳಿತು. ಸರಕ್ಕನೆ ಎದ್ದವನೇ ಹೋಗಿ ಸುಬ್ಬಿಯ ಬಾಲದ ಹಿಂದೆ ಕೈಕಟ್ಟಿ ನಿಂತ.

"ಅಯ್ಯೋ, ಅಲ್ಯಾಕೆ ಹೋದ್ರಿ?"

"ಇಲ್ಲಿದ್ರೆ ನಾನು ಅದಕ್ಕೆ ಕಾಣಲ್ವಲ್ಲ ಮಾವ!"

ಕುದುರೆಯ ಸುತ್ತ ನಿಲ್ಲಲೇಬಾರದ ಜಾಗ ಅದೊಂದೇ. ನಾನು ಓಡಿಹೋಗಿ ತೋಳು ಹಿಡಿದು ಎಳೆಯುವಷ್ಟರಲ್ಲಿ ಕಾಂಪೌಂಡ್ ಮೇಲಿದ್ದ ಎರಡು ಜಡೆಯ ಹುಡುಗಿ ಕೂಗಿ ಹೇಳಿತು: "ಅಣ್ಣಾ, ಅಲ್ಲಿ ಅದ್ರ ಕಣ್ಣಿಲ್ಲ, ಆದ್ರೆ ಕಾಲು ಅಲ್ಲೇ ಅವೆ!"

ಒಳಗೆ ಹೋದದ್ದು ಹೊರಗೆ ಬರಲ್ಲ

ಮಕ್ಕಳು ಕೇಳುವ ಪ್ರಶ್ನೆಗೆ ತಲೆಬುಡ ಇರುವುದಿಲ್ಲ. "ತಾತಾ, ಕುದುರೆಗೆ ವಾಂತಿ ಬರುತ್ತಾ?" ಅಂತ ಒಂದು ಕೇಳಿತು.

"ಇಲ್ಲ ಕಣೋ. ಅದು ತಿಂದಿದ್ದು ಹೊಟ್ಟೆಗೆ ಇಳೀತು ಅಂದ್ರೆ ಮುಗೀತು. ಹೊಟ್ಟೆ ಬಾಯಿ ಗಟ್ಟಿಯಾಗಿ ಮುಚ್ಕೊಂಡ್ಬಿಡುತ್ತೆ, ವಾಪಸ್ ಮೇಲಕ್ಕೆ ಬರಾಕೆ ದಾರಿನೇ ಇಲ್ಲ."

ಕಾಂಪೌಂಡ್ ಪೂರ್ತಿ ಬೆರಗಾಯಿತು. "ಬಸ್ಸಲ್ಲಿ ಕೂರಿಸಿದ್ರೂ?"

"ಕುದುರೇನ ಬಸ್ಸಲ್ಲಿ ಯಾರೋ ಕೂರಿಸ್ತಾರೆ?"

"ಕೆಮ್ಮಣ್ಣುಗುಂಡಿ ರೋಡಲ್ಲಿ ಹೋದ್ರೂ?"

"ಎಲ್ಲಿಗೆ ಹೋದ್ರೂ ಬರಲ್ಲ ಕಣ್ರೋ!"

ಹುಡುಗ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದ. "ಮಾವ, ಅದಕ್ಕೆ ಬರಲ್ಲ ಸರಿ. ನನಗೆ ಬರುತ್ತೆ. ಮೇಲೆ ಕೂತ್ರೆ ಅಳ್ಳಾಡುತ್ತಲ್ಲ."

ಎಷ್ಟು ಮೆಲ್ಲಗೆ ಹೇಳಿದರೇನು, ಮಕ್ಕಳ ಕಿವಿಗೆ ಬಿದ್ದೇ ಬಿದ್ದಿತು. ಅವು ಗುಂಪುಗೂಡಿ ಗುಸುಗುಸು ಮಾತಾಡಿಕೊಂಡು ಒಂದು ಪರಿಹಾರವನ್ನೂ ಕಂಡುಹಿಡಿದವು. "ತಾತಾ, ಮದುವೆ ದಿನ ತಿಂಡಿ ಕುದುರೆಗೆ ಕೊಟ್ಬಿಡಿ. ಗಂಡಿಗೆ ಬ್ಯಾಡ."

ಹಲ್ಲಿನ ಪಾಠ

ಕುದುರೆಯ ಹಲ್ಲು ನೋಡಿ ಅದರ ವಯಸ್ಸು ಹೇಳುವುದು ನಮ್ಮ ಕಸುಬಿನವರಿಗೆ ಅಭ್ಯಾಸ. ವಯಸ್ಸಾದಂತೆ ಮುಂದಿನ ಹಲ್ಲು ಸವೆಯುತ್ತದೆ, ಉದ್ದ ಕಾಣುತ್ತದೆ, ಮುಂದಕ್ಕೆ ಚಾಚಿಕೊಳ್ಳುತ್ತದೆ. ಇದನ್ನೆಲ್ಲ ಸುಬ್ಬಿಯ ತುಟಿ ಎತ್ತಿ ತೋರಿಸುತ್ತಿದ್ದೆ. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮ ಕತ್ತೆತ್ತಿ ನೋಡಿದಳು.

"ಲೇ, ಹುಡುಗನಿಗೆ ಇಪ್ಪತ್ತೆಂಟು ಅಂದವ್ರೆ. ಕೂದಲುದುರಿದ ನೆತ್ತಿ ನೋಡಿದ್ರೆ ನನಗ್ಯಾಕೋ ನಂಬಿಕೆ ಬರಲ್ಲ. ಅವನ ಬಾಯಿನೂ ಒಂದ್ಸಲ ತೆಗ್ಸೋ."

ಹಿರಿಯರ ಮಾತು ಮೀರುವ ಹುಡುಗನಲ್ಲ ಅವನು, ಪಾಪ. ಆ ಅಂತ ಬಾಯಿ ತೆರೆದ. ನಾನಾದರೂ ನಕ್ಕು ಸುಮ್ಮನಾಗಬೇಕು ತಾನೆ? ಅಭ್ಯಾಸ ಎಲ್ಲಿ ಬಿಡುತ್ತದೆ, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಬಗ್ಗಿ ನೋಡಿಬಿಟ್ಟೆ. ಸರಿಯಾಗಿ ಆಗಲೇ ಗೇಟು ಕಿರ್ರೆಂದಿತು. ತಿರುಗಿದರೆ ಲಗ್ನಪತ್ರಿಕೆಯ ಕಟ್ಟು ಹಿಡಿದುಕೊಂಡು ಹುಡುಗನ ತಂದೆ ನಿಂತಿದ್ದಾರೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೀಗರು ಒಂದು ಗಳಿಗೆ ಮಗನ ಬಾಯಿ ನೋಡಿದರು, ಒಂದು ಗಳಿಗೆ ನನ್ನ ಕೈ ನೋಡಿದರು. ಆಮೇಲೆ ಹೊಟ್ಟೆ ಕುಣಿಸಿಕೊಂಡು ನಗುತ್ತ ಹೇಳಿದರು: "ಬೀಗ್ರೇ, ಹಲ್ಲು ಗಿಲ್ಲು ಎಲ್ಲಾ ತಾಂಬೂಲಕ್ಕೆ ಮುಂಚೆ ನೋಡ್ಬೇಕಿತ್ತು. ಇನ್ನು ನಾವು ವಾಪಸ್ ತಗೊಳ್ಳಲ್ಲ!"

ಸುಬ್ಬಿ ನಕ್ಕಳು

ಮದುವೆಗೆ ಒಂದೇ ವಾರ ಉಳಿದಿತ್ತು. ಹುಡುಗ ಕುರ್ಚಿ ಬಿಟ್ಟು ಸುಬ್ಬಿಯ ಕುತ್ತಿಗೆ ಮುಟ್ಟುವಷ್ಟು ಮುಂದುವರಿದಿದ್ದ, ಬೆನ್ನು ಏರಿರಲಿಲ್ಲ. ಆ ದಿನ ನನ್ನ ಮಗಳು ಕೊಟ್ಟ ಸೆಂಟನ್ನು ಘಮ್ಮೆನ್ನುವ ಹಾಗೆ ಬಳಿದುಕೊಂಡು ಬಂದ. ಸುಬ್ಬಿ ಅವನ ಅಂಗಿ ಮೂಸಿದಳು, ಕತ್ತು ಮೇಲೆತ್ತಿದಳು, ಮೇಲಿನ ತುಟಿಯನ್ನು ಮೂಗಿನ ತನಕ ಮಡಚಿ ಹಲ್ಲೆಲ್ಲ ಬಿಟ್ಟಳು.

"ಮಾವ! ನೋಡಿ, ನನ್ನ ನೋಡಿ ನಗ್ತಾ ಐತೆ!"

ಅದು ನಗುವಲ್ಲ. ಕುದುರೆಗೆ ಹೊಸ ವಾಸನೆ ಬಡಿದರೆ ತುಟಿ ಹಾಗೆ ಮಡಚುತ್ತದೆ, ವಾಸನೆಯನ್ನು ಇನ್ನೂ ಒಳಕ್ಕೆಳೆದು ಏನಿದು ಅಂತ ಪರೀಕ್ಷೆ ಮಾಡುತ್ತದೆ, ಅಷ್ಟೆ. ಆದರೆ ಹುಡುಗನ ಮುಖದಲ್ಲಿ ಅಂಥ ಖುಷಿ ನಾನು ಕಂಡೇ ಇರಲಿಲ್ಲ. ಎರಡು ಜಡೆಯ ಹುಡುಗಿ "ಅಲ್ಲ ಅಣ್ಣಾ, ಅದು..." ಅಂತ ಶುರುಮಾಡಿತು. ನಾನು ಜೇಬಿನಲ್ಲಿದ್ದ ಕಡ್ಲೆಕಾಯಿಯನ್ನೆಲ್ಲ ಅದರ ಕೈಗೆ ಸುರಿದೆ. ಬಾಯಿ ಮುಚ್ಚಿತು.

ನಕ್ಕ ಕುದುರೆಯ ಮೇಲೆ ಹುಡುಗ ಅವತ್ತೇ ಹತ್ತಿದ. ಲಾಯದಿಂದ ಗೇಟಿನ ತನಕ ಹೋಗಿ ಬಂದ. ನಾನು ಕಣ್ಣೊರೆಸಿಕೊಂಡೆ ಅಂದರೆ ನೀವು ನಂಬಬೇಕು. ಸಂಜೆ ನನ್ನ ಮಗಳು ಅವನ ಮೊಬೈಲು ಇಸಕೊಂಡು ನೋಡಿದರೆ, ಸ್ಕ್ರೀನ್ ಮೇಲಿದ್ದ ತನ್ನ ಫೋಟೋ ಹೋಗಿ ಸುಬ್ಬಿ ಹಲ್ಲು ಕಿರಿಯುತ್ತಿದ್ದಾಳೆ.

"ನನ್ ಫೋಟೋ ಎಲ್ರೀ?"

"ಇತ್ತು ಕಣೇ. ಅದ್ರಲ್ಲಿ ನೀನು ನಕ್ಕಿರಲಿಲ್ಲ."

ಮುಹೂರ್ತ

ಮದುವೆಯ ಬೆಳಿಗ್ಗೆ ಗಣಪತಿ ಗುಡಿಯ ಮುಂದೆ ಸುಬ್ಬಿ ಸಿಂಗಾರವಾಗಿ ನಿಂತಿದ್ದಳು. ಜೀನಿನಿಂದ ಇಳಿಬಿದ್ದ ರಿಕಾಪಿಗೆ ಕಾಲಿಡುವ ಮುಂಚೆ ಹುಡುಗ ಕೇಳಿದ: "ಮಾವ, ಕುದುರೆ ನಿಂತ್ಕಂಡೇ ನಿದ್ದೆ ಮಾಡುತ್ತಂತೆ, ಹೌದಾ?"

"ಹೂಂ. ಕಾಲಿನ ಕೀಲು ಬೀಗ ಹಾಕ್ದಂಗೆ ನಿಂತ್ಬಿಡ್ತವೆ, ಬೀಳಲ್ಲ. ಗಾಢ ನಿದ್ದೆಗೆ ಮಾತ್ರ ಮಲಗುತ್ತೆ. ನಿದ್ದೆಲಿದ್ದಾಗ ಗಾಬರಿ ಮಾಡ್ಬಾರ್ದು, ಒದ್ದುಬಿಡುತ್ತೆ." ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಆ ಕೊನೆಯ ಮಾತನ್ನು ನುಂಗಿಕೊಂಡಿದ್ದರೆ ಚೆನ್ನಾಗಿತ್ತು.

ವಾಲಗದ ಸದ್ದಿನಲ್ಲಿ ಮೆರವಣಿಗೆ ಹೊರಟಿತು. ಅಳಿಯ ರಾಜನ ಹಾಗೆ ಕೂತಿದ್ದ, ವಾಂತಿಯಿಲ್ಲ ಗೀಂತಿಯಿಲ್ಲ. ಮಂಟಪದ ಬಾಗಿಲಿಗೆ ಬಂದೆವು, ವಾಲಗ ನಿಂತಿತು. ಆರತಿ ತಟ್ಟೆ ತಯಾರಿತ್ತು, ಬೆಂಕಿಪೊಟ್ಟಣ ಸಿಗಲಿಲ್ಲ. ಹೆಂಗಸರು ಹುಡುಕುತ್ತ ಅಡುಗೆಮನೆಗೆ ಓಡಿದರು. ಜನ ಜಾತ್ರೆ ಎಲ್ಲ ಸುಬ್ಬಿಗೆ ಮಾಮೂಲು. ತಲೆ ಇಳಿಬಿಟ್ಟಳು, ಕೆಳತುಟಿ ಜೋತುಬಿತ್ತು, ಹಿಂದಿನ ಒಂದು ಕಾಲು ಸಡಿಲ ಮಾಡಿದಳು. ನಿದ್ದೆ ಹೋದಳು.

ಬೆಂಕಿಪೊಟ್ಟಣ ಬಂತು, ಆರತಿಯಾಯಿತು. ಅಳಿಯ ಇಳಿಯಲಿಲ್ಲ.

"ಇಳೀರಿ ಅಳಿಯಂದ್ರೇ," ಅಂದೆ. ಅವನು ತುಟಿಯ ಮೇಲೆ ಬೆರಳಿಟ್ಟು "ಶ್!" ಅಂದ. ಕಲ್ಲಿನ ಹಾಗೆ ಕೂತ.

ಪುರೋಹಿತರು ಪಂಚೆ ಎತ್ತಿಕಟ್ಟಿಕೊಂಡು ಓಡಿ ಬಂದರು. "ಮುಹೂರ್ತ ಮೀರುತ್ತೆ ಕಣ್ರೀ! ಇಳಿಸ್ರೀ ಗಂಡನ್ನ!"

"ಶ್!"

ಹುಡುಗ ಮನಸ್ಸು ಬದಲಾಯಿಸಿದನಂತೆ ಅಂತ ಹಿಂದೆ ಯಾರೋ ಪಿಸುಗುಟ್ಟಿದರು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಹತ್ತಿಸುವುದಕ್ಕೆ ಒಂದು ತಿಂಗಳು ಒದ್ದಾಡಿದ ನನಗೆ ಇಳಿಸುವ ವಿಚಾರ ಕನಸಿನಲ್ಲೂ ಬಂದಿರಲಿಲ್ಲ. ಸುಬ್ಬಿಯನ್ನು ಮೆಲ್ಲಗೆ ಎಬ್ಬಿಸೋಣ ಅಂತ ಮುಂದೆ ಹೋದರೆ ಮೇಲಿನಿಂದ ಅಳುವ ದನಿ: "ಬ್ಯಾಡ ಮಾವ! ಎಬ್ಬಿಸಿದ್ರೆ ಒದೆಯುತ್ತೆ ಅಂತ ನೀವೇ ಹೇಳಿದ್ರಲ್ಲ. ಅದಾಗೇ ಏಳ್ಲಿ."

ಅಷ್ಟರಲ್ಲಿ ಬಾಗಿಲ ಹತ್ತಿರ ಗದ್ದಲವಾಯಿತು. ಬಾಸಿಂಗ ಕಟ್ಟಿಕೊಂಡಿದ್ದ ನನ್ನ ಮಗಳು, ಹಿಡಿಯಲು ಬಂದ ಸೋದರತ್ತೆಯರನ್ನೆಲ್ಲ ದಾಟಿಕೊಂಡು ನೇರ ಕುದುರೆಯ ಪಕ್ಕಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ರೀ, ಇಳೀತೀರೋ ಇಲ್ವೋ?"

"ಮೆಲ್ಲಗೆ ಮಾತಾಡೇ... ಒದೆಯುತ್ತೆ ಕಣೇ."

"ಒದೆಯೋದು ಕುದುರೆ ಒಂದೇ ಅಂದ್ಕೊಂಡ್ರಾ?"

ಅಳಿಯ ಯಾವಾಗ ಇಳಿದ, ಯಾವ ಕಡೆಯಿಂದ ಇಳಿದ ಅಂತ ಅಲ್ಲಿದ್ದವರು ಯಾರೂ ಇವತ್ತಿಗೂ ಹೇಳಲಾರರು. ನಾವು ನೋಡುವಷ್ಟರಲ್ಲಿ ಹಸೆಮಣೆಯ ಮೇಲೆ ಕೂತಿದ್ದ. ಸುಬ್ಬಿ ಬಾಗಿಲಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದಳು.