ಕರಗಿಹೋದ ಅಲೆ

ದಾಳಿಂಬೆ ಪೆಟ್ಟಿಗೆಯ ರಟ್ಟಿನೊಳಗೆ ಎಷ್ಟು ಅಲೆಗಳಿರಬೇಕು ಎಂಬುದು ಲೋಕವೇ ಕೂತು ಯೋಚಿಸಬೇಕಾದ ಗಂಭೀರ ಪ್ರಶ್ನೆ. ಎರಡಿರಬೇಕು. ಮೂರು ಸಪಾಟು ಕಾಗದ, ಅವುಗಳ ನಡುವೆ ಸೀರೆಯ ನೆರಿಗೆಯಂತೆ ಮಡಿಸಿದ ಎರಡು ಕಾಗದ, ಒಟ್ಟು ಐದು ಪದರು, ಎಲ್ಲವನ್ನೂ ಹಿಡಿದಿಡಲು ಹಿಟ್ಟಿನ ಅಂಟು. ಕುಷ್ಟಗಿಯ ಶರಣಬಸವ ಸಾವ್ಕಾರರ ಹಣ್ಣಿನ ಶೆಡ್ಡಿನಲ್ಲಿ ಇದನ್ನು ಪರೀಕ್ಷಿಸುವ ಯಂತ್ರವೆಂದರೆ ಕಳಕೇಶ. ಹೊಸ ಲೋಡು ಬಂದಾಗ ಮುಚ್ಚಿದ ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಲ್ಲುವುದು ಅವನ ಕೆಲಸ. ತಾಳಿದರೆ ಪಾಸು, ಕುಸಿದರೆ ಫೇಲು. ಈ ನೌಕರಿ ತಪ್ಪಿದರೆ ಭಾವನ ಇಟ್ಟಿಗೆ ಭಟ್ಟಿಯೇ ಗತಿ. ಅದನ್ನು ನೆನೆದರೆ ಅವನಿಗೆ ಈಗಲೂ ಬೆನ್ನು ಹಿಡಿಯುತ್ತಿತ್ತು.

ಆ ಬೆಳಿಗ್ಗೆ ನೆಲ ತೊಳೆಯಲು ಪೈಪು ಬಿಟ್ಟು ಅವನು ಚಹಾಕ್ಕೆ ಹೋದ. ಮರಳಿ ಬಂದರೆ, ಹೊಸದಾಗಿ ಇಳಿದ ರಟ್ಟಿನ ಕಟ್ಟುಗಳು ಕೆರೆಗಿಳಿದ ಎಮ್ಮೆಗಳಂತೆ ಸುಖವಾಗಿ ನೀರಲ್ಲಿ ಮಲಗಿದ್ದವು. ಒಂದು ರಟ್ಟಿನ ಅಂಚು ಹರಿದು ನೋಡಿದ. ಒಂದೇ ಅಲೆ. ನೀರು ಮುಟ್ಟದ ಮೇಲಿನ ರಟ್ಟನ್ನೂ ಹರಿದ. ಅಲ್ಲೂ ಒಂದೇ.

ಹಣ್ಣು ಆರಿಸುವ ಹಸೀನಾಬೇಗಂ ಬಗ್ಗಿ ನೋಡಿ ತೀರ್ಪು ಕೊಟ್ಟಳು: "ಹಿಟ್ಟಿನ ಅಂಟಲ್ಲೇನೋ. ಅಂಟು ಕರಗಿತು, ಅದರ ಜೋಡಿ ಅಲೀನೂ ಕರಗಿತು."

"ಮ್ಯಾಲಿಂದು ಒಣಗೇ ಐತಲ್ಲ ಬೇಗಂ?"

"ತಂಪು ಏರತೈತಿ. ನಮ್ಮನಿ ಗ್ವಾಡಿ ನೋಡಿಲ್ಲೇನು?"

ಗೋಡೆಯ ಸಾಕ್ಷ್ಯವನ್ನು ಕಳಕೇಶ ಒಪ್ಪಿಕೊಂಡ. ಅಷ್ಟರಲ್ಲಿ ಸಾವ್ಕಾರರ ಫೋನು: ಪೆಟ್ಟಿಗೆ ಕಾರ್ಖಾನೆಯ ರಫೀಯನ್ನು ಕರೆದುಕೊಂಡು ಬರುತ್ತಿದ್ದೇನೆ, ಪರೀಕ್ಷೆ ಅವನೆದುರಿಗೇ ಆಗಬೇಕು. ಬೇಗಂ ಜೊತೆ ಹಣ್ಣು ಆರಿಸುವ ಪಕ್ಕೀರವ್ವ, ಉಪವಾಸ ಇರು, ಹಗುರಾಗುತ್ತೀ ಎಂದಳು. ಅವನ ಹೊಟ್ಟೆಯಲ್ಲಿ ಆಗಲೇ ನಾಲ್ಕು ರೊಟ್ಟಿ ಕೂತಿದ್ದವು. ಉಸಿರು ಮೇಲಕ್ಕೆಳೆದು ನಿಲ್ಲು ಎಂದು ಮತ್ತೊಬ್ಬಳು. ಡ್ರೈವರ್ ಹುಲಿಗೇಶ ಮಾತ್ರ ಹಿತ್ತಲಲ್ಲಿ ಕಟ್ಟುತ್ತಿದ್ದ ಗೋಡೆಯತ್ತ ಕಣ್ಣು ಹಾಯಿಸಿ, "ಪೆಟಗಿ ತುಂಬ ಇಟ್ಟಂಗಿ ಇಟ್ಟು ಟೇಪ್ ಹಚ್ಚು. ಆನಿ ನಿಂದ್ರಲಿ," ಎಂದ.

ಹಾಗೇ ಆಯಿತು. ಪೆಟ್ಟಿಗೆಗೆ ಇಟ್ಟಿಗೆ ತುಂಬಿ, ತೊಯ್ದ ಕಟ್ಟುಗಳ ಮೇಲೆ ತಾಡಪತ್ರಿ ಹರಡಿದರು. ಸಾವ್ಕಾರರೂ ರಫೀಯೂ ಬಂದಾಗ ಕಳಕೇಶ ಹುಲಿಗೆಮ್ಮನಿಗೆ ಹರಕೆ ಹೊತ್ತು ಪೆಟ್ಟಿಗೆ ಹತ್ತಿದ. ರಫೀಯ ಬೆನ್ನ ಹಿಂದೆ ನಿಂತಿದ್ದ ಸಾವ್ಕಾರರು ಒಂದು ಕಣ್ಣು ಮುಚ್ಚಿ ತೆರೆದರು. ಎಲ್ಲ ಗೊತ್ತಾಗಿದೆ ಎಂದುಕೊಂಡು ಕಳಕೇಶ ಬೆವೆತ.

"ಕುಣಿ," ಎಂದರು ಸಾವ್ಕಾರರು.

"ರೀ?"

"ಜೋರ ಕುಣಿಯಲೇ."

ಕಣ್ಣು ಮುಚ್ಚಿ ಕುಣಿದ. ಪೆಟ್ಟಿಗೆ ಬಸವಣ್ಣನ ಕಟ್ಟೆಯಂತೆ ಕೂತೇ ಇತ್ತು. ಸಾವ್ಕಾರರು ಮತ್ತೆ ಕಣ್ಣು ಮಿಟುಕಿಸಿದರು. ಅವನು ಇನ್ನಷ್ಟು ಕುಣಿದ.

ರಫೀ ಮೀಸೆಯಲ್ಲೇ ನಕ್ಕ. "ನೋಡಿದ್ರಿಲ್ರಿ ಸಾವ್ಕಾರ್ರ? ನಮ್ಮ ಮೂರು ಪದರಿಂದು ನಿಮ್ಮ ಐದು ಪದರಿಂದಕ್ಕ ಕಮ್ಮಿ ಏನಿಲ್ಲ. ಇನ್ನ ವಾಪಸ್ ಮಾತು ಬ್ಯಾಡ." ಬೈಕ್ ಹತ್ತಿ ಹೋಗಿಯೇಬಿಟ್ಟ.

ಸಾವ್ಕಾರರು ಕಳಕೇಶನತ್ತ ತಿರುಗಿದರು.

"ಐದು ಪದರಿಂದು ಕೇಳಿದ್ರ ಮೂರು ಪದರಿಂದು ಕಳಿಸ್ಯಾರ. ಮುರದ್ರ ಪೂರಾ ಲೋಡ್ ಬದಲಿ ಮಾಡ್ತೀನಿ ಅಂದಿದ್ದ ರಫೀ. ಕಣ್ಣು ಹೊಡದ್ನಲ್ಲಲೇ ನಿನಗ, ಮುರಿ ಅಂತ."

ಎಂದವರೇ ಸಿಟ್ಟಿನಿಂದ ಪೆಟ್ಟಿಗೆಗೆ ಒದ್ದರು.

ಸಾವ್ಕಾರರ ಹೆಬ್ಬೆರಳಿಗೆ ಪಟ್ಟಿ ಕಟ್ಟಲಾಯಿತು. ಮರುದಿನದಿಂದ ಕಳಕೇಶ ಭಾವನ ಭಟ್ಟಿಯಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ.