ಮದುವೆ ವಿಡಿಯೊದವನು ಯುದ್ಧ ಕಲಿಸಿದ್ದು

ಮದುವೆ ವಿಡಿಯೊ ಮಾಡಿಕೊಂಡಿದ್ದವನು ಯುದ್ಧ ಕಲಿಸಲು ಹೊರಟರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಹೊಳೆನರಸೀಪುರದಲ್ಲಿ ನನ್ನದೊಂದು ಸ್ಟುಡಿಯೊ. ಈಗ ಎಲ್ಲರ ಕೈಯಲ್ಲೂ ಫೋನು, ನನ್ನನ್ನು ಕರೆಯುವವರಿಲ್ಲ. ಕಣ್ಣೆದುರೇ ಯುದ್ಧ ನಡೆದಂತೆ ತೋರಿಸುವ ವಿಆರ್ ಕನ್ನಡಕ ಹಾಕಿಕೊಂಡು ಸೈನಿಕರು ಕಲಿಯುವ ಪಾಠದ ವಿಡಿಯೊಗಳನ್ನು ಮಾಡುವ ಕಂಪನಿಯೊಂದು ನನಗೆ ಕೆಲಸ ಕೊಟ್ಟಿತು. ಅದೂ ಕೈಬಿಟ್ಟರೆ ಸ್ಟುಡಿಯೊ ಬಾಗಿಲು ಮುಚ್ಚಬೇಕು. ನನಗೆ ನಗು ಬರುವುದಿಲ್ಲ, ನೀವು ನಗಿ.

ಅಡಗಿದ ಶತ್ರು

ಪೊದೆಯಲ್ಲಿ ಅಡಗಿದ ಶತ್ರುವನ್ನು ಡ್ರೋನಿನಿಂದ ಹುಡುಕುವ ಪಾಠ. ಹಿರೀಸಾವೆ ಕಡೆಯ ಐದಾರು ಜನರನ್ನು ಶತ್ರುಗಳೆಂದು ಪೊದೆಯಲ್ಲಿ ಕೂರಿಸಿದೆ. ಡ್ರೋನು ತಲೆ ಮೇಲೆ ಬಂದದ್ದೇ ತಡ, ಅಷ್ಟೂ ಜನ ಎದ್ದು ಶರ್ಟು ಸರಿಮಾಡಿಕೊಂಡು ನಗುತ್ತಾ ಕೈ ಬೀಸಿದರು.

"ಯಾಕ್ರಯ್ಯಾ ಎದ್ರಿ?" ಅಂದೆ.

"ಮದ್ವೇಲಿ ಡ್ರೋನು ಬಂದಾಗ ಕೈ ಬೀಸಿ ಅಂತ ಬಾಯ್ ಬಡ್ಕೊಳ್ಳೋರು ನೀವೇ ಅಲ್ವಾ ಸಾ?"

ಕಂಪನಿಯ ಮೇಡಂ ಅದನ್ನು ನೋಡಿ, "ಶತ್ರುಗಳು ಇಷ್ಟು ಒಳ್ಳೆಯವರಾದರೆ ಸೈನ್ಯ ಯಾಕ್ರೀ ಬೇಕು?" ಅಂದರು.

ತಲೆ ಯಾವ ಕಡೆ

ಗೊರೂರಿನ ಹತ್ತಿರ ಇನ್ನೊಂದು ಪಾಠ. ಗುಂಡು ತಗಲಿ ಸತ್ತ ಸೈನಿಕನಾಗಿ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಮಲಗಬೇಕು. ಗುಂಡು ಬರುವ ದಿಕ್ಕನ್ನು ಕಂಪ್ಯೂಟರು ಮೊದಲೇ ಗೊತ್ತುಮಾಡಿತ್ತು. ಅದರ ಪ್ರಕಾರ ತಲೆ ಉತ್ತರಕ್ಕಿರಬೇಕು.

"ಉತ್ರಕ್ಕೆ ತಲೆ ಆಕಲ್ಲ ಸಾ. ಆಯಸ್ಸು ಕಮ್ಮಿ ಆಯ್ತದೆ."

"ನೀನು ಸತ್ತಿದ್ದೀಯ ಕಣಯ್ಯಾ."

"ಅದು ನಿಮ್ ವಿಡಿಯೋದಾಗೆ. ಸಾಯಂಕಾಲ ನಾನು ಮನೆಗೋಗ್ಬ್ಯಾಡ್ವಾ?"

ಎಷ್ಟು ಬೇಡಿಕೊಂಡರೂ ಕೇಳದೆ ದಕ್ಷಿಣಕ್ಕೆ ತಲೆ ಹಾಕಿ ನೆಮ್ಮದಿಯಾಗಿ ಸತ್ತ. ಪಾಠ ತಯಾರಾದಾಗ ನೋಡಿದರೆ ಗುಂಡು ಹಿಂದಿನಿಂದ ಬಂದಂತಿತ್ತು, ಹೊಡೆದವರು ಅವನ ಕಡೆಯವರೇ. ಅವನ ಆಯಸ್ಸು ಉಳಿಯಿತು, ಬೈಗುಳ ನನ್ನ ಪಾಲಿಗೆ ಬಂತು.

ಎದುರಾಡಲಾಗದ ದನಿ

ಪಾಠಗಳಿಗೆ ವಿವರಣೆ ಓದುವವರು ಬೇಕಾಗಿತ್ತು. ಮೇಡಂ ನನ್ನನ್ನು ಹಾಸನಕ್ಕೆ ಕರೆಸಿ, ಒಂದು ರೂಮಿನಲ್ಲಿ ಕೂರಿಸಿ, ಇಡೀ ದಿನ ಏನೇನೋ ಓದಿಸಿದರು. "ನಿಮ್ಮ ದನಿ ಕೇಳಿದರೆ ಯಾರೂ ಎದುರಾಡಲ್ಲ" ಅಂದರು. ಕೆಲಸ ಗಟ್ಟಿಯಾಯಿತು ಅಂತ ಹಿಗ್ಗಿಕೊಂಡು ಬಸ್ಸು ಹತ್ತಿದೆ. ಆ ದನಿಯನ್ನು ಕಂಪ್ಯೂಟರಿಗೆ ಕಲಿಸಿ, ಮುಂದೆ ನನ್ನ ಬದಲು ಅದನ್ನೇ ಮಾತಾಡಿಸುತ್ತಾರೆ ಅಂತ ಯಾರೂ ಬಾಯಿ ಬಿಡಲಿಲ್ಲ.

ಸ್ವಲ್ಪ ದಿನಕ್ಕೆ ಕಂಪನಿಯಿಂದ ಫೋನು ಬಂತು. ನಾನು ಊಟಕ್ಕೆ ಕೂತಿದ್ದೆ, ಹೆಂಡತಿ ಎತ್ತಿ ಸ್ಪೀಕರಿಗೆ ಹಾಕಿದಳು.

"ನಮಸ್ಕಾರ. ಇನ್ನು ಮುಂದೆ ಪಾಠಗಳನ್ನೆಲ್ಲ ಕಂಪ್ಯೂಟರೇ ತಯಾರಿಸುತ್ತದೆ. ನಿಮ್ಮ ಸೇವೆ ಬೇಕಾಗಿಲ್ಲ. ಧನ್ಯವಾದ."

ಮಾತಾಡಿದ್ದು ನನ್ನದೇ ದನಿ. ನನ್ನ ಬಾಯಲ್ಲಿ ಮಾತ್ರ ಮುದ್ದೆ ಇತ್ತು. ಹೆಂಡತಿ ಒಮ್ಮೆ ಫೋನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಅಲ್ಲಾ ಕಣ್ರೀ, ಇದ್ದುದ್ದೊಂದು ಕೆಲ್ಸ. ಅದುನ್ನೂ ನಿಮ್ಗೆ ನೀವೇ ಬ್ಯಾಡ ಅಂದ್ಬುಟ್ರಾ?"