ಅವ್ವ ಇದ್ದವರಿಗೆ ಪುಸ್ತಕ ಕೊಡುವುದಿಲ್ಲ

ನಮ್ಮ ಅತ್ತೆ ಒಂದು ಅಡುಗೆ ಪುಸ್ತಕ ಬರೆದರು, ಅಚ್ಚು ಹಾಕಿಸಿದರು, ಊರೂರು ತಿರುಗಿ ಮಾರಿದರು. ಒಂದೇ ಒಂದು ಕೆಲಸ ಅವರಿಂದ ಆಗಲಿಲ್ಲ: ಅದನ್ನು ಓದುವುದು! ಅವರಿಗೆ ಅಕ್ಷರವೇ ಬರುತ್ತಿರಲಿಲ್ಲ. ಹಾಗೆಂದು ಯಾರಾದರೂ ಅವರನ್ನು ಲೇಖಕಿಯಲ್ಲ ಅಂದರೆ ಕೆಟ್ಟರು.

“ಕೋರ್ಟಿನಾಗ ಸಾಹೇಬ್ರು ಹೇಳ್ತಾರ, ಗುಮಾಸ್ತ ಬರೀತಾನ. ತೀರ್ಪು ಯಾರದು? ಗುಮಾಸ್ತಂದೇನು?” ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು. ಆ ಗುಮಾಸ್ತ ನಾನು, ಅವರ ಸೊಸೆ.

ಆಗ ಸ್ವಾತಂತ್ರ್ಯ ಬಂದು ಹತ್ತು-ಹನ್ನೆರಡು ವರ್ಷವಾಗಿತ್ತು. ಗೋಕಾಕದ ಹತ್ತಿರ, ನೂಲಿನ ಗಿರಣಿಯ ಮಗ್ಗುಲಲ್ಲೇ ನಮ್ಮ ಮನೆ. ಪುಸ್ತಕದ ಹುಚ್ಚು ಅತ್ತೆಯ ತಲೆಗೆ ಹೊಕ್ಕಿದ್ದಕ್ಕೆ ಕಾರಣವಿತ್ತು. ಹನ್ನೆರಡನೆಯ ವಯಸ್ಸಿಗೆ ಅವರು ಈ ಮನೆಗೆ ಬಂದಾಗ ಹಡೆದ ತಾಯಿ ಇರಲಿಲ್ಲ. ಮೊದಲ ದಿನವೇ ಜುಣಕ ಮಾಡೆಂದರೆ, ಕುದಿಯುವ ನೀರಿಗೆ ಕಡಲೆ ಹಿಟ್ಟನ್ನೆಲ್ಲ ಒಮ್ಮೆಲೇ ಸುರಿದು ಗಂಟು ಕಟ್ಟಿಸಿದರಂತೆ. “ನಿಮ್ಮವ್ವ ಏನ್ ಕಲಸ್ಯಾಳ?” ಎಂದು ಮನೆಮಂದಿಯೆಲ್ಲ ಸರದಿಯಂತೆ ಕೇಳಿದರಂತೆ. ಸತ್ತ ತಾಯಿಗೆ ಬೈಸಿದೆನಲ್ಲ ಎಂಬ ಸಂಕಟ ಅತ್ತೆಯ ಹೊಟ್ಟೆಯಿಂದ ಹೋಗಿರಲೇ ಇಲ್ಲ.

“ಅವ್ವ ಇಲ್ಲದ ಒಬ್ಬಾಕಿ ಹುಡುಗಿ ಈ ಪುಸ್ತಕಾ ನೋಡಿ, ಬೈಸ್ಕೊಳ್ಳದ ಒಂದ್ ಹೊತ್ತಿನ ಅಡಗಿ ಮಾಡ್ಲಿ. ಅಷ್ಟ ಆದ್ರ ನನಗ ಸಾಕು,” ಎನ್ನುತ್ತಿದ್ದರು.

ಆದರೆ ಹೇಳಿ ಬರೆಸುವುದೇನು ಸುಲಭವೇ?

“ಉಪ್ಪು ಎಷ್ಟ್ರಿ ಅತ್ತಿ?”

“ಹಾಕೂವಷ್ಟು.”

“ಹಾಕೂದು ಎಷ್ಟ್ರಿ?”

“ಬೇಕಾದಷ್ಟು! ಸಾಲಿ ಕಲತಾಕಿ, ಅಷ್ಟೂ ತಿಳಿಯಂಗಿಲ್ಲೇನು?”

ಮೂರು ದಿನ ಮಾತು ಬಿಟ್ಟೆವು. ಆಮೇಲೆ ಮುಷ್ಟಿ, ಚಿಮಟಿ, ಬಟ್ಟಲು ಎಂದು ರಾಜಿಯಾಯಿತು. ಹೊತ್ತಿನ ವಿಷಯದಲ್ಲಿ ಮಾತ್ರ ತಕರಾರೇ ಬರಲಿಲ್ಲ. ಮನೆಯಲ್ಲಿ ಗಡಿಯಾರ ಇರಲಿಲ್ಲ. ಇದ್ದದ್ದು ಗಿರಣಿಯ ಭೋಂಗಾ. ಪಾಳಿ ಬದಲಾಗುವಾಗ ಅದು ಎರಡು ಸಲ ಕೂಗುತ್ತಿತ್ತು: ಕೆಲಸದವರು ಮನೆ ಬಿಡಲಿ ಎಂದು ಒಮ್ಮೆ, ಕೆಲಸಕ್ಕೆ ನಿಲ್ಲಲಿ ಎಂದು ಇನ್ನೊಮ್ಮೆ. ನಮ್ಮ ಓಣಿಯ ಒಲೆಗಳೆಲ್ಲ ಅದು ಹೇಳಿದಂತೆ ಕೇಳುತ್ತಿದ್ದವು. “ಮೊದಲ್ನೇ ಭೋಂಗಾಕ್ಕ ಮಡಕಿ ಕಾಳು ಒಲಿ ಮ್ಯಾಲ ಇಡಬೇಕು. ಎರಡ್ನೇ ಭೋಂಗಾಕ್ಕ ಇಳಸಬೇಕು,” ಅಂದರು ಅತ್ತೆ. ನಾನು ಹಾಗೇ ಬರೆದೆ. ಏಳನೆಯ ಇಯತ್ತೆ ಪಾಸಾದವಳು ನಾನು! ಬೇರೆ ಊರಲ್ಲಿ ಗಿರಣಿ ಇಲ್ಲ ಎಂದು ನನಗಾದರೂ ಹೊಳೆಯಬೇಡವೇ?

ಇನ್ನು ಅಚ್ಚಿನ ಕಥೆ. ಗೋಕಾಕ ಪೇಟೆಯ ಛಾಪಖಾನೆಯವರು ಜನ್ಮದಲ್ಲಿ ಲಗ್ನಪತ್ರಿಕೆ ಬಿಟ್ಟು ಬೇರೇನೂ ಅಚ್ಚು ಹಾಕಿದವರಲ್ಲ. ಎಣ್ಣೆಗಾಯಿಯ ಮೇಲೆ ಮಾವಿನ ತೋರಣ, ಪುಂಡಿ ಪಲ್ಯದ ಎರಡೂ ಬದಿಗೆ ಬಾಳೆಕಂಬ! ಕೊನೆಯ ಪುಟದಲ್ಲಿ ಕೈರೂಢಿಯ ಮೇಲೆ ಜೋಡಿಸಿದ ಸಾಲು: ‘ತಾವು ಸಹಕುಟುಂಬ ಸಪರಿವಾರ ಬಂದು ಊಟ ಸ್ವೀಕರಿಸಬೇಕಾಗಿ ವಿನಂತಿ.’ ಅದರ ಕೆಳಗೆ ನಮ್ಮ ಮನೆಯ ವಿಳಾಸ! ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಅತ್ತೆ ಮಾತ್ರ, “ಕರದ್ರ ಏನ್ ತಪ್ಪು? ಬರ್ಲಿ, ಉಂಡ್ ಹೋಗ್ಲಿ,” ಅಂದರು. ಬಂದರೂ ಬಂದರು! ಯಾರಿಂದಲೋ ಕಡ ತಂದ ಪುಸ್ತಕ ಹಿಡಿದುಕೊಂಡು ಒಂದು ಮನೆಯ ಒಂಬತ್ತು ಜನ ಬಂದು, ಹೊಟ್ಟೆತುಂಬ ಉಂಡು, ಪುಸ್ತಕದ ಮಾತೇ ಎತ್ತದೆ ಹೋದರು.

ಮಾರುವುದಕ್ಕೆ ನಾವಿಬ್ಬರೂ ಬಸ್ಸು ಹಿಡಿದು ಹುಕ್ಕೇರಿ ಸಂತೆಗೆ ಹೋದೆವು. ಬಳೆಗಾರರ ಸಾಲಿನಲ್ಲಿ ಗೋಣಿತಟ್ಟು ಹಾಸಿ, ಪುಸ್ತಕದ ಗಂಟು ಬಿಚ್ಚಿ, ರೊಟ್ಟಿ ಚೂರಿಗೆ ಶೇಂಗಾ ಹಿಂಡಿ ಹಚ್ಚಿ ಬಂದವರಿಗೆಲ್ಲ ಪುಕ್ಕಟೆ ಕೊಟ್ಟೆವು. ಜನ ಮುಗಿಬಿದ್ದರು. ಆದರೆ ಯಾರಾದರೂ ಪುಸ್ತಕ ಕೈಗೆತ್ತಿಕೊಂಡರೆ ಸಾಕು, ಅತ್ತೆಯ ವಿಚಾರಣೆ ಶುರು!

“ನಿಮ್ಮವ್ವ ಅದಾಳೇನವ್ವ?”

“ಅದಾಳ್ರಿ.”

“ಹಂಗಾದ್ರ ಇಡು ಕೆಳಗ. ಆಕಿನ್ನ ಕೇಳಿ ಕಲಿ.”

ಕಚೇರಿಯ ಕಾರಕೂನನೊಬ್ಬ ಬಂದ. ಒಬ್ಬನೇ ಇರುವವನು, ಬೇಯಿಸಿಕೊಂಡು ಉಣ್ಣುವವನು, ಖರೆ ಹೇಳಬೇಕೆಂದರೆ ಇಂಥವನಿಗೇ ಪುಸ್ತಕ ಬೇಕು. “ನಮ್ಮವ್ವ ಧಾರವಾಡದಾಗ ಅದಾಳ್ರಿ,” ಎಂದು ಬಾಯಿ ತಪ್ಪಿ ಅಂದುಬಿಟ್ಟ.

“ಟಪಾಲು ಐತಲ್ಲ? ಕಾಗದಾ ಬರದು ಕೇಳ್ರಿ. ಅವ್ವಗೂ ಸಂತೋಷ ಆಕ್ಕೈತಿ.”

ಪಾಪ, ರೊಟ್ಟಿ ಚೂರು ಅಗಿಯುತ್ತಾ ಹೋದ. ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರು, ಮಗಳ ಮದುವೆಗೆ ಬರುವ ಹೆಣ್ಣುಮಕ್ಕಳಿಗೆ ಹಂಚಲು ಇಪ್ಪತ್ತು ಪುಸ್ತಕ ಬೇಕು ಅಂದರು. ನನಗೆ ಆನಂದವೋ ಆನಂದ! ಅತ್ತೆ, “ಯಾರ್ಯಾರಿಗೆ ಅವ್ವ ಇಲ್ಲ ಅಂತ ಪಟ್ಟಿ ತರ್ರಿ ಮೊದಲ,” ಅಂದರು. ಅವರು ಅತ್ತೆಯ ಮುಖವನ್ನೂ ನನ್ನ ಮುಖವನ್ನೂ ನೋಡಿ, ಕೈಮುಗಿದು ಹೊರಟೇಹೋದರು.

“ಹಿಂಗ ಮಾಡಿದ್ರ ಪುಸ್ತಕಾ ಗೆದ್ದಲಿಗೆ ಕೊಡಬೇಕಾಕ್ಕೈತ್ರಿ ಅತ್ತಿ!” ಅಂದೆ ಸಿಟ್ಟಿನಿಂದ.

“ಯಾಕ, ಗೆದ್ದಲಿಗೆ ಅವ್ವ ಇಲ್ಲೇನು?”

ಇಂಥವರ ಜೊತೆ ಯಾರು ವ್ಯಾಪಾರ ಮಾಡಬೇಕು, ನೀವೇ ಹೇಳಿ!

ಮತ್ತೊಂದು ಸಲ ಹುಕ್ಕೇರಿಗೆ ಹೋದಾಗ ನಮ್ಮ ಪುಸ್ತಕ ಕೊಂಡಿದ್ದ ಹೆಂಗಸೊಬ್ಬಳು ಜನರ ನಡುವೆ ದಾರಿ ಮಾಡಿಕೊಂಡು ಬಂದಳು.

“ಏನ್ರಿ ಅವ್ವಾರ, ನಮ್ಮೂರಾಗ ಭೋಂಗಾ ಎಲ್ಲೈತ್ರಿ? ಕಾಳು ತೊಳದು ಇಟ್ಕೊಂಡು ಮುಂಜಾನಿಂದ ಸಂಜಿಮಟ ಕಿವಿಗೊಟ್ಟು ಕುಂತಿದ್ದೆ!”

ಅತ್ತೆಗೆ ನಂಬಿಕೆಯೇ ಬರಲಿಲ್ಲ. “ಭೋಂಗಾ ಇಲ್ಲ? ಹಂಗಾದ್ರ ನಿಮ್ಮೂರಾಗ ಹೊತ್ತ ಹೆಂಗ ಮುಳಗತೈತಿ?” ಎಂದು ಆಕೆಯನ್ನೇ ಕೇಳಿದರು. ಬಸ್ಸಿನಲ್ಲಿ ಬರುವಾಗ ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ದೇಶಕ್ಕೆಲ್ಲ ನಮ್ಮೂರ ಭೋಂಗಾ ಕೇಳುತ್ತದೆಂದು ತಿಳಿದ ಎಂಥ ಜಾಣೆಯರು ನಾವು!

ಆ ನಗು ಹೆಚ್ಚು ದಿನ ಬಾಳಲಿಲ್ಲ. ಒಂದು ಮುಂಜಾನೆ ಮಸಗುಪ್ಪಿಯಿಂದ ಒಬ್ಬ ಹುಡುಗಿ ಬಂದಳು. ಹೊಸದಾಗಿ ಮದುವೆಯಾದವಳು. ಅವಳಪ್ಪ ಬಾಗಿಲ ತನಕ ಬಿಟ್ಟು ಪೇಟೆಗೆ ಹೋಗಿದ್ದ. ಸೆರಗಿನಲ್ಲಿ ನಮ್ಮ ಪುಸ್ತಕ.

“ಕಡೀ ಪುಟದಾಗ ಬರ್ರಿ ಅಂತ ಬರದೀರಲ್ರಿ, ಅದಕ್ಕ ಬಂದೇನಿ. ಎರಡು ಭೋಂಗಾದ ನಡುವ ಎಷ್ಟ ಹೊತ್ತು ಇರ್ತೈತಿ ಅಂತ ನೋಡಾಕ.”

“ಕಾಳು ಕೆಟ್ಟುವೇನವ್ವ?” ಅಂದರು ಅತ್ತೆ.

“ಮೂರ್ ಸಲ ಹಸಿ ಉಳದುವ್ರಿ.”

“ಮನ್ಯಾಗ ಬೈದ್ರೇನು?”

ಹುಡುಗಿ ನೆಲ ನೋಡಿದಳು. “ನಿಮ್ಮವ್ವ ಏನ್ ಕಲಸ್ಯಾಳ ಅಂತಾರ್ರಿ. ನಮ್ಮವ್ವ ಇಲ್ರಿ.”

ಅತ್ತೆಯ ಮುಖವನ್ನು ನನಗೆ ನೋಡಲಾಗಲಿಲ್ಲ. ಯಾವ ಮಾತನ್ನು ಇನ್ನೊಬ್ಬ ಹುಡುಗಿ ಕೇಳಬಾರದೆಂದು ಪುಸ್ತಕ ಮಾಡಿದ್ದರೋ, ಅದೇ ಮಾತನ್ನು ನಮ್ಮ ಪುಸ್ತಕವೇ ಅವಳಿಗೆ ಕೇಳಿಸಿತ್ತು. ಯೋಚಿಸದೆ ಬರೆದ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅತ್ತೆ ಎದ್ದು ಒಲೆ ಹೊತ್ತಿಸಿದರು. ಮೊದಲ ಭೋಂಗಾ ಕೂಗಿತು. ಕಾಳು ಒಲೆಯೇರಿತು. ಗಡಿಯಾರವಿಲ್ಲದೆ ಹೊತ್ತು ಅಳೆಯುವುದು ಹೇಗೆ? ದಾರಿ ಹೇಳಿದವಳು ಆ ಹುಡುಗಿಯೇ.

“ಬೀಸೂ ಪದಾ ಹಾಡ್ತೇನ್ರಿ. ಎಷ್ಟ ನುಡಿ ಆಕ್ಕಾವ ಎಣಸ್ರಿ. ಊರಾಗ ಅಷ್ಟ ನುಡಿ ಹಾಡಿ ಇಳಸ್ತೇನಿ.”

ನಾನು ಬೆರಳು ಮಡಚುತ್ತಾ ಕುಳಿತೆ. ಎಂಟನೆಯ ನುಡಿಗೆ ಅವಳು ನಿಂತುಬಿಟ್ಟಳು.

“ಇಷ್ಟ ಬರ್ತಾವ್ರಿ. ಮುಂದಿನವು ಕಲಸೂದ್ರಾಗ ಅವ್ವ ಹೋದ್ಲು.”

ಅತ್ತೆ ಹಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಒಲೆಯ ಮುಂದೆ ಕುಳಿತಲ್ಲಿಂದಲೇ ಒಂಬತ್ತನೆಯ ನುಡಿ ಎತ್ತಿಕೊಂಡರು. ದನಿ ಒಡೆದಿತ್ತು, ಆದರೆ ಒಂದು ಅಕ್ಷರವೂ ತಪ್ಪಲಿಲ್ಲ. ಹುಡುಗಿ ಅವರ ತುಟಿ ನೋಡುತ್ತಾ ಹಿಂದಿನಿಂದ ಹಾಡಿದಳು. ಹತ್ತನೆಯದು, ಹನ್ನೊಂದನೆಯದು. ಎಣಿಸುವುದನ್ನು ನಾನು ಯಾವಾಗ ಬಿಟ್ಟೆನೋ ಗೊತ್ತಿಲ್ಲ; ಕಣ್ಣು ತುಂಬಿ ಬೆರಳೇ ಕಾಣುತ್ತಿರಲಿಲ್ಲ. ಎರಡನೆಯ ಭೋಂಗಾ ಕೂಗಿರಲೇಬೇಕು. ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ. ವಾಸನೆ ಬಂದಾಗ ನೋಡಿದರೆ ಕಾಳು ತಳ ಹಿಡಿದಿತ್ತು.

“ಅಯ್ಯ, ಸೀದುವಲ್ರಿ!” ಹುಡುಗಿ ಹೆದರಿ ಎದ್ದು ನಿಂತಳು.

“ಕೂಡು. ಮಧ್ಯಾನ್ನ ಪಾಳಿಗೆ ಮತ್ತ ಕೂಗತೈತಿ, ಆವಾಗ ಎಣಸೂಣು. ಈಗ ಉಣ್ಣು,” ಎಂದು ಅತ್ತೆ ಅವಳ ಕೈಹಿಡಿದು ಕೂರಿಸಿದರು. ಆ ಸೀದ ಕಾಳಿಗೇ ಒಗ್ಗರಣೆ ಹಾಕಿ, ಬಿಸಿ ರೊಟ್ಟಿಯ ಜೊತೆ ಮುಂದಿಟ್ಟರು. ಮೂವರೂ ಒಂದೇ ಗಂಗಾಳದಲ್ಲಿ ಕೈಹಾಕಿ ಉಂಡೆವು. ಯಾರೂ ಯಾರನ್ನೂ ಬೈಯಲಿಲ್ಲ.